ಎಂಟು ಗಂಟೆಗೊಂದು ಸಲ

ಮಾರ್ಚ್ ೩, ಬೆಳಿಗ್ಗೆ ೮.೪೦

ಇಂದಿನ ಇಂಜೆಕ್ಷನ್ ಮುಗಿಯಿತು. ಪುಡಿ ಪೂರ್ತಿ ಕರಗಿತೇ ಎಂದು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ — ಒಂದು ಕಣವೂ ಇಲ್ಲ. ಸಿರಿಂಜಿನ ಗಾಳಿಗುಳ್ಳೆಗಳನ್ನು ಹೊರಹಾಕಿದೆ. ನಿಧಾನವಾಗಿ ಒತ್ತಿದೆ. ಇವರು ಎಂದಿನಂತೆ ಕಣ್ಣು ಮುಚ್ಚಿಕೊಂಡು, "ಗ್ರೌಂಡ್ ಫ್ಲೋರ್... ಫಸ್ಟ್ ಫ್ಲೋರ್... ಸೆಕೆಂಡ್ ಫ್ಲೋರ್..." ಎಂದು ಗೊಣಗುತ್ತಿದ್ದರು. ಮದ್ದು ತೋಳಿನಿಂದ ಎದೆಗೆ ಏರುವುದು ಲಿಫ್ಟ್ ಏರಿದಂತೆ ಭಾಸವಾಗುತ್ತದಂತೆ. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವರಿಗೆ ದೇಹವೂ ಒಂದು ಕಟ್ಟಡವೇ.

ಆದದ್ದನ್ನು ಕ್ರಮವಾಗಿ ಬರೆದಿಡಬೇಕು. ಪೀಠಿಕೆಯಿಲ್ಲದ ಪ್ರಬಂಧಕ್ಕೆ ನಾನು ಎಂದೂ ಅಂಕ ಕೊಟ್ಟವಳಲ್ಲ.

ಇವರ ಬಲ ಮೊಣಕಾಲಿನ ಕೀಲಿಗೆ ಸೋಂಕು. ಬಾಲ್ಕನಿಯಲ್ಲಿ ತಗಡು ಕತ್ತರಿಸುವಾಗ ಗೀರಿತು. ಮೇಲಿನ ಗೀರು ಮಾಯಿತು, ಸೋಂಕು ಒಳಗಿಳಿಯಿತು. ಕಾಲು ಊದಿ ಚೆಂಡಾಯಿತು. ಆಪರೇಷನ್ ಮಾಡಿ ಕೀಲನ್ನು ತೊಳೆದರು. ಮಾತ್ರೆ ಸಾಲದು, ವಾರಗಟ್ಟಲೆ ಮದ್ದು ನೇರವಾಗಿ ರಕ್ತಕ್ಕೇ ಹೋಗಬೇಕು ಎಂದರು. ಅದಕ್ಕಾಗಿ ತೋಳಿನೊಳಗೆ ತೆಳ್ಳನೆಯ ಕೊಳವೆ ಕೂರಿಸಿದ್ದಾರೆ — "ಲೈನ್" ಎನ್ನುತ್ತಾರೆ. ಅಷ್ಟು ದಿನವೂ ಆಸ್ಪತ್ರೆಯಲ್ಲೇ ಮಲಗಬೇಕಿತ್ತು. "ಮನೇಲಿ ಜವಾಬ್ದಾರಿಯಿಂದ ಕೊಡೋರು ಯಾರಾದ್ರೂ ಇದಾರಾ?" ಎಂದು ಮೂಳೆ ಡಾಕ್ಟರು ಕೇಳಿದರು. ಇವರು ನನ್ನತ್ತ ಬೆರಳು ತೋರಿಸಿ, "ಇವಳು ಅಲ್ಪವಿರಾಮ ತಿದ್ದಿ ತಿದ್ದಿಯೇ ಪೆನ್ಷನ್ ತಗೊಂಡವಳು ಡಾಕ್ಟ್ರೇ. ಒಂದು ಹನಿ ಆಚೀಚೆ ಆಗೋಕೆ ಬಿಡಲ್ಲ" ಎಂದರು.

ಡಾಕ್ಟರು ನಕ್ಕರು. ನಗು ನಿಲ್ಲಿಸಿ ಆಮೇಲೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಹೊತ್ತುಹೊತ್ತಿಗೆ ಸರಿಯಾಗಿ ಮದ್ದು ಹೋದರೆ ಮೊಣಕಾಲು ಮೊದಲಿನಂತೆ ಮಡಚುತ್ತದೆ. ಸೋಂಕು ಮತ್ತೆ ತಲೆಯೆತ್ತಿದರೆ ಇನ್ನೊಮ್ಮೆ ಕೊಯ್ದು ತೊಳೆಯಬೇಕು. ಆಮೇಲೆ ಕಾಲು ಕೋಲಿನಂತೆ ನೆಟ್ಟಗೇ ಉಳಿದರೂ ಉಳಿಯಬಹುದು.

ಮದ್ದಿನ ಹೆಸರು ಸೆಫ್ಟ್ರಿಯಾಕ್ಸೋನ್. ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಎಂಟಕ್ಕೆ. ಎಂಟೆಂದರೆ ಎಂಟು. ಶಾಲೆಯ ಗಂಟೆಯಾದರೂ ಒಂದೊಂದು ದಿನ ತಡವಾಗಿ ಬಾರಿಸುತ್ತಿತ್ತು.

ಮಾರ್ಚ್ ೪

ಆಸ್ಪತ್ರೆಯವರು ಕೊಟ್ಟ ಮಾಹಿತಿಪತ್ರವನ್ನು ಇಂದು ಪೂರ್ತಿ ಓದಿದೆ. "ಬಳಸುವ ಮುನ್ನ ನಿಮ್ಮ ಕೈಗಳನ್ನು ಚೆನ್ನಾಗಿ ಕುಲುಕಿರಿ." ಕೈ ತೊಳೆಯುವ ಸಾಲೂ ಬಾಟಲಿ ಕುಲುಕುವ ಸಾಲೂ ಒಂದರೊಳಗೊಂದು ಹೊಕ್ಕಿವೆ. ಕೆಂಪು ಪೆನ್ನಿನಿಂದ ತಿದ್ದಿದೆ. ಪುಟದಲ್ಲಿ ಈಗ ಕೆಂಪೇ ಹೆಚ್ಚು, ಕಪ್ಪು ಕಡಿಮೆ. ಆದರೆ ಪಾಪ, ಒಳಗಿರುವ ವಿಷಯ ಗಟ್ಟಿಯಾಗಿದೆ: ಮೈಮೇಲೆ ಗಂಧೆ ಎದ್ದರೆ, ಉಸಿರು ಕಟ್ಟಿದರೆ ತಕ್ಷಣ ಮದ್ದು ನಿಲ್ಲಿಸಿ ತುರ್ತು ನಂಬರಿಗೆ ಕರೆಯಿರಿ. ಜ್ವರ ಮರಳಿದರೆ, ಭೇದಿ ನಿಲ್ಲದಿದ್ದರೆ, ಕೊಳವೆಯ ಸುತ್ತ ಕೆಂಪಾದರೆ ತಿಳಿಸಿ. ಕರಗಿಸಿದ ಮದ್ದನ್ನು ಉಳಿಸಿ ಇನ್ನೊಮ್ಮೆ ಬಳಸಬೇಡಿ. ಇವನ್ನು ದೊಡ್ಡಕ್ಷರದಲ್ಲಿ ಬರೆದು ಕನ್ನಡಿಯ ಪಕ್ಕ ಅಂಟಿಸಿದ್ದೇನೆ.

ಇವರು ಅದರ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತ ಕೇಳಿದರು: "ಪರೀಕ್ಷೆ ಯಾವತ್ತು?"

ಮಾರ್ಚ್ ೫, ಮಧ್ಯಾಹ್ನ

ನರ್ಸ್ ಬಂದಿದ್ದಳು. ವಾರಕ್ಕೊಮ್ಮೆ ಬಂದು ಲೈನಿನ ಮೇಲಿನ ಪಟ್ಟಿ ಬದಲಿಸಿ, ಪರೀಕ್ಷೆಗೆ ರಕ್ತ ತೆಗೆದುಕೊಂಡು ಹೋಗುತ್ತಾರಂತೆ. ಬಾಗಿಲು ತೆರೆದೆ. ನಲವತ್ತರ ಆಸುಪಾಸಿನ ಹೆಂಗಸು, ಹೆಗಲಿಗೆ ಚೀಲ. ನನ್ನನ್ನು ಕಂಡವಳೇ ಚೀಲ ಕೆಳಗಿಟ್ಟು ನೆಟ್ಟಗೆ ನಿಂತಳು. "ನಮಸ್ಕಾರ ಟೀಚರ್" ಎಂದಳೆಂದು ತುಟಿ ನೋಡಿ ತಿಳಿದೆ, ದನಿ ಹೊರಡಲಿಲ್ಲ.

ಗುರುತು ಹತ್ತಿತು. ಒಂಬತ್ತನೆಯ ತರಗತಿ, ಗೋಡೆ ಪಕ್ಕದ ಬೆಂಚು. ಉತ್ತರ ಗೊತ್ತಿದ್ದರೂ ಪಿಸುಗುಟ್ಟುವ ಹುಡುಗಿ. ಶಿಕ್ಷಕರ ಕೊಠಡಿಯಲ್ಲಿ ಅವಳಿಗೆ ಪಿಸುಮಣಿ ಎಂದೇ ಹೆಸರು. "ಜೋರಾಗಿ, ಬಿಡಿಸಿ ಹೇಳು" — ಅವಳಿಗೆಂದೇ ಹುಟ್ಟಿದ ಮಾತಿದು.

ಕೆಲಸಕ್ಕಿಳಿದ ಮೇಲೆ ಬೇರೆಯೇ ಹೆಣ್ಣು. ಕೈತೊಳೆದ ರೀತಿ, ಗ್ಲೌಸ್ ತೊಟ್ಟ ರೀತಿ, ಪಟ್ಟಿ ಬಿಡಿಸಿದ ರೀತಿ — ಒಂದು ಚಲನೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಳ್ಳೆಯ ಗದ್ಯದ ಹಾಗೆ. ಹೆಮ್ಮೆಯಾಯಿತು. ಇವಳಿಗೆ ನಾನು ಕಲಿಸಿದ್ದು ವ್ಯಾಕರಣ ಮಾತ್ರ, ಆದರೂ ಆಯಿತು.

"ಏನಮ್ಮಾ, ಕ್ಲಾಸಲ್ಲಿ ಇವಳು ಹೊಡೀತಿದ್ಲಾ?" ಇವರ ಪ್ರಶ್ನೆ.

"ಇಲ್ಲ ಅಂಕಲ್... ನೋಡ್ತಿದ್ರು."

"ಅಯ್ಯೋ! ಅದಕ್ಕಿಂತ ಹೊಡೆದಿದ್ರೇ ವಾಸಿಯಿತ್ತು."

ನಕ್ಕಳು, ಸದ್ದಿಲ್ಲದೆ. ಬಳಿಕ ತನ್ನ ಪ್ರಶ್ನೆಗಳಿಗೆ ಬಂದಳು. ಯಾವುದಕ್ಕಾದರೂ ಅಲರ್ಜಿ ಇದೆಯೇ?

"ಇದೆ, ಇವಳ ಕೆಂಪು ಪೆನ್ನಿಗೆ."

ಅವಳ ಕೈ ತಟ್ಟನೆ ನಿಂತಿತು. "ಪೆನಿಸಿಲಿನ್‌ಗಾ ಅಂಕಲ್? ಈಗ ಕೊಡ್ತಿರೋದು ಅದರ ನೆಂಟರ ಪೈಕಿ. ನಿಜವಾಗ್ಲೂ ಇದ್ರೆ ಡಾಕ್ಟ್ರಿಗೆ ಹೇಳಲೇಬೇಕು."

ನಾನು ನಡುವೆ ಬಂದೆ. "ಪೆನ್ನು. ಪಕಾರಕ್ಕೆ ಎತ್ವ, ನಕಾರಕ್ಕೆ ಒತ್ತು. ಬರೆಯುವ ಪೆನ್ನು. ಇವರಿಗೆ ಯಾವ ಅಲರ್ಜಿಯೂ ಇಲ್ಲ, ಬುದ್ಧಿಯೂ ಇಲ್ಲ." ಇವರಿಗೆ ಚೆನ್ನಾಗಿ ಬೈದೆ. ಆಸ್ಪತ್ರೆಯವರ ಮುಂದೆ ತಮಾಷೆಗೂ ಅಸ್ಪಷ್ಟ ಮಾತು ಆಡಬಾರದು. ಒಂದು ಒತ್ತಕ್ಷರದ ಮೇಲೆ ಮದ್ದು ನಿಂತಿರುತ್ತದೆ. ಹೀಗೆಂದು ದೀರ್ಘವಾಗಿಯೇ ಹೇಳಿದೆ. ಇವರು ಮಗುವಿನ ಹಾಗೆ ತಲೆಯಾಡಿಸಿದರು. ಪಿಸುಮಣಿಯೂ ತಲೆಯಾಡಿಸಿದಳು.

ತೂಕ ನೋಡಿದಳು. ಮದ್ದಿನ ಅಳತೆ ತೂಕಕ್ಕೂ ಮೂತ್ರಪಿಂಡದ ಶಕ್ತಿಗೂ ಹೊಂದಬೇಕು, ರಕ್ತ ತೆಗೆಯುವುದು ಅದಕ್ಕೂ ಹೌದು ಎಂದಳು. ಇವರು ಹೊಟ್ಟೆ ಒಳಗೆಳೆದುಕೊಂಡು ತಕ್ಕಡಿಯ ಮೇಲೆ ನಿಂತರು. ಅದರಿಂದ ತೂಕ ಇಳಿಯುವುದಿಲ್ಲವೆಂದು ಈ ವಯಸ್ಸಿನಲ್ಲಿ ಯಾರು ಹೇಳಿಕೊಡಬೇಕು?

ಮಾರ್ಚ್ ೭, ಶನಿವಾರ, ಸಂಜೆ

ಪಿಸುಮಣಿ ಫೋನ್ ಮಾಡಿದ್ದಳು. ಸಂತೋಷದ ಸುದ್ದಿ. ಕೀಲಿನಿಂದ ತೆಗೆದ ನೀರಿನ ಕಲ್ಚರ್ ರಿಪೋರ್ಟ್ ಬಂದಿದೆ. ಒಳಗೆ ಕುಳಿತಿರುವ ಕೀಟಾಣು ಯಾರೆಂದು ಗೊತ್ತಾಗಿದೆ.

"ಇಷ್ಟು ದಿನ ಕತ್ತಲಲ್ಲಿ ಕಲ್ಲು ಹೊಡೆದ ಹಾಗಿತ್ತು ಟೀಚರ್. ಈಗ ಅವನಿಗೇ ಗುರಿ ಇಟ್ಟು ಹೊಡೆಯೋ ಮದ್ದು ಕೊಡ್ತಾರೆ. ಸೆಫಜೋಲಿನ್ ಅಂತ. ನಾಳೆ ಬೆಳಿಗ್ಗೆಯಿಂದ. ಬಾಟಲಿ ಇವತ್ತೇ ಕಳಿಸ್ತಾರೆ, ಚೀಟಿ ಸೋಮವಾರ ನಾನೇ ತರ್ತೀನಿ."

ಅಳತೆ ಕೇಳಿದೆ. ಸಲಕ್ಕೆ ಎರಡು ಗ್ರಾಂ. ಯಾವಾಗ ಎಂದು ಕೇಳಿದೆ.

"ಎಂಟ್ಗಂಟ್ಗೊಂದ್ಸಲ ಟೀಚರ್."

"ಏನು ನುಂಗಿದೆ? ಎಂಟು — ಗಂಟೆಗೆ — ಒಂದು — ಸಲ. ಬಿಡಿ ಪದಗಳು. ಜೋರಾಗಿ, ಬಿಡಿಸಿ ಹೇಳು."

"ಎಂಟು... ಗಂಟೆಗೆ... ಒಂದು... ಸಲ, ಟೀಚರ್."

"ಹಾಂ. ಹೀಗೆ."

ಆಚೆಯಿಂದ ಪಿಸುದನಿ: "ರಾತ್ರಿ ನಿಮಗೆ ಕಷ್ಟ ಆಗಲ್ವಾ ಟೀಚರ್?"

"ರಾತ್ರಿ ಏನು ಕಷ್ಟ? ಒಂಬತ್ತೂವರೆಗೆ ಮಲಗಿಬಿಡುತ್ತೇನೆ ನಾನು."

"ಹೂಂ... ಸರಿ ಟೀಚರ್."

ಮಗು ಇನ್ನೂ ನನ್ನ ನಿದ್ದೆಯ ಬಗ್ಗೆ ಯೋಚಿಸುತ್ತಾಳೆ. ಒಳ್ಳೆಯ ಸ್ವಭಾವ. ಉಚ್ಚಾರಣೆ ಮಾತ್ರ ಸುಧಾರಿಸಲಿಲ್ಲ.

ಮದ್ದು ಬದಲಾದರೂ ಹೊತ್ತು ಬದಲಾಗಿಲ್ಲ — ಅದೇ ಎಂಟು ಗಂಟೆ. ನೆನಪಿಡುವುದು ಸುಲಭ.

ಮಾರ್ಚ್ ೮, ಭಾನುವಾರ

ಎಂಟಕ್ಕೆ ಹೊಸ ಮದ್ದು ಕೊಟ್ಟೆ. ಗಂಧೆಯಿಲ್ಲ, ತುರಿಕೆಯಿಲ್ಲ, ಉಸಿರು ಸಲೀಸು. ಅರ್ಧ ಗಂಟೆ ಎದುರಿಗೇ ಕುಳಿತು ಇವರ ಮುಖ ನೋಡಿದೆ. "ಮದುವೆಯಾದ ಹೊಸದರಲ್ಲೂ ಹೀಗೆ ನೋಡಿರಲಿಲ್ಲ ಕಣೇ" ಎಂದರು. ಕಿವಿ ಬಿಸಿಯಾಯಿತು. ಎದ್ದು ಅಡುಗೆಮನೆಗೆ ಹೋದೆ.

ಬಾಟಲಿ, ಸಿರಿಂಜು, ಸಲೈನ್ ಎಲ್ಲವನ್ನೂ ಕಪಾಟಿನಲ್ಲಿ ಬಿಸಿಲು ತಾಕದ ಹಲಗೆಯ ಮೇಲೆ ಜೋಡಿಸಿದೆ. ತುಂಬ ಕಳಿಸಿದ್ದಾರೆ. ಜಾಗ ಸಾಲದೆ ನಿಘಂಟನ್ನು ಮೇಲಿನ ಹಲಗೆಗೆ ಏರಿಸಬೇಕಾಯಿತು. ಇವರಿಗೆ ಅದೇ ನಗು: "ನಿಘಂಟನ್ನ ಜಾಗ ಬಿಡಿಸಿದ ಮೊದಲನೇ ಗಂಡಸು ನಾನೇ ಇರಬೇಕು."

ಸಂಜೆ ಸ್ವಲ್ಪ ಸುಸ್ತು ಎಂದರು. ಹೊಸ ಮದ್ದು, ಇರಬಹುದು.

ಮಾರ್ಚ್ ೯, ಸೋಮವಾರ, ಬೆಳಿಗ್ಗೆ ೯

ಎಂಟಕ್ಕೆ ಕೊಟ್ಟಾಯಿತು. ಆದರೆ ಮೊಣಕಾಲು ಮುಟ್ಟಿದರೆ ಬಿಸಿ. ಥರ್ಮಾಮೀಟರ್ ನೂರು ದಾಟಿದೆ. ಇವರ ಬಾಯಿಂದ ಒಂದೂ ತಮಾಷೆ ಹೊರಡಲಿಲ್ಲ. ಜ್ವರಕ್ಕಿಂತ ಅದು ಹೆಚ್ಚು ಹೆದರಿಸಿತು.

ಡಾಕ್ಟರಿಗೆ ಫೋನ್ ಮಾಡಲು ಎದ್ದೆ, ಅಷ್ಟರಲ್ಲಿ ಬಾಗಿಲ ಗಂಟೆ. ಆಸ್ಪತ್ರೆಯ ಔಷಧಿ ವಿಭಾಗದಿಂದ ಮತ್ತೊಂದು ಪೆಟ್ಟಿಗೆ! ಮೊದಲನೆಯದೇ ಕಪಾಟು ತುಂಬಿದೆ. ಇಂಥ ಮದ್ದನ್ನು ಹೀಗೆ ಪೋಲು ಮಾಡುವುದೇ? ಮೊದಲು ಅವರಿಗೇ ಎರಡು ಮಾತು ಹೇಳಿಬಿಡುತ್ತೇನೆ.

ಅದೇ ದಿನ, ೧೦.೩೦

ಹೇಳಿದೆ.

ಫೋನ್ ತೆಗೆದವರು ಔಷಧಿ ವಿಭಾಗದ ಮುಖ್ಯಸ್ಥರು. ಒಣಗಿದ ದನಿ. ಎರಡೆರಡು ಪೆಟ್ಟಿಗೆ ಏಕೆ, ಲೆಕ್ಕ ಯಾರು ನೋಡುತ್ತಾರೆ, ಎಂದೆಲ್ಲ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಮ್ಮಾ, ಮೊದಲನೇ ಪೆಟ್ಟಿಗೆ ಇವತ್ತಿಗೆ ಮುಗೀಬೇಕಲ್ಲ? ಇಲ್ಲಿ ಕ್ಯೂ ಎಯ್ಟ್ ಎಚ್ ಅಂತ ಬರೆದಿದೆ."

"ಕ್ಯೂ ಎಂದರೆ ಸಾಲು. ಎಂಟು ಜನರ ಸಾಲೇ ಇದು?"

"ಅಲ್ಲಮ್ಮಾ. ಪ್ರತಿ ಎಂಟು ಗಂಟೆಗೊಂದು ಸಲ ಅಂತ. ದಿನಕ್ಕೆ ಮೂರು. ನೀವು ಎಷ್ಟು ಕೊಟ್ರಿ?"

ಗಂಟೆಗೊಂದು. ಗಂಟೆಗೆ, ಒಂದು.

ಗಂಟೆಗೆ ಎಂಬುದಕ್ಕೆ ಎರಡು ಮುಖ. ಎಂಟು ಗಂಟೆ ಹೊಡೆದಾಗ ಎಂಬುದು ಒಂದು. ಎಂಟು ಗಂಟೆ ಕಳೆದಂತೆಲ್ಲ ಎಂಬುದು ಇನ್ನೊಂದು. ಪಿಸುಮಣಿ ಕೂಡಿಸಿ ಹೇಳಿದ್ದಳು, ಸರಿಯಾಗಿ. ನಾನು ಲೋಪಸಂಧಿಯನ್ನು ಬಿಡಿಸಿದೆ. ಸಂಧಿಯ ಜೊತೆಗೆ ಅರ್ಥವನ್ನೂ ಬಿಡಿಸಿಬಿಟ್ಟೆ. ಅವಳು ನನ್ನ ಹಿಂದೆ ಪಾಠದಂತೆ ಒಪ್ಪಿಸಿದಳು. ರಾತ್ರಿ ಕಷ್ಟವಲ್ಲವೇ ಎಂದು ಕೇಳಿದಳಲ್ಲ — ನಡುರಾತ್ರಿಯ ಇಂಜೆಕ್ಷನ್ನಿನ ಬಗ್ಗೆ ಕೇಳಿದ್ದು ಅದು!

ಅರೆಬರೆ ಮದ್ದು. ಒಳಗಿರುವವನು ಇಡೀ ಭಾನುವಾರ ಕಾಲು ಚಾಚಿಕೊಂಡು ವಿಶ್ರಾಂತಿ ಪಡೆದಿದ್ದಾನೆ.

ಡಾಕ್ಟರಿಗೆ ಮಾಡಿದೆ. ಒಂದೇ ಉಸಿರಿನಲ್ಲಿ ಹೇಳಿದೆ. ಹೇಳುವಾಗ ಒಂದು ಮಾತನ್ನು ಮೊದಲೇ ಇಟ್ಟೆ: ನರ್ಸ್ ಸರಿಯಾಗಿ ಹೇಳಿದ್ದಳು, ತಿದ್ದಿದವಳು ನಾನು.

"ಮೇಡಂ, ಹೆದರಬೇಡಿ. ಫೋನ್ ಮಾಡಿದ್ದು ಒಳ್ಳೇದಾಯ್ತು. ಒಂದು ಮಾತ್ರ ನೆನಪಿಡಿ — ಬಿಟ್ಟುಹೋದದ್ದನ್ನ ಸೇರಿಸಿ ಒಟ್ಟಿಗೆ ಕೊಡಬೇಡಿ. ಎಂಟಕ್ಕೆ ಕೊಟ್ಟಿದೀರಿ, ಮುಂದಿನದು ಸಂಜೆ ನಾಲ್ಕಕ್ಕೆ, ಆಮೇಲೆ ರಾತ್ರಿ ಹನ್ನೆರಡಕ್ಕೆ. ರಕ್ತ ಇವತ್ತೇ ತರಿಸ್ಕೊಂಡು ನೋಡ್ತೀನಿ. ಬುಧವಾರದೊಳಗೆ ಜ್ವರ ಇಳೀಬೇಕು. ಇಳೀಲಿಲ್ಲ ಅಂದ್ರೆ ಅಡ್ಮಿಟ್ ಮಾಡಿ, ಕೀಲನ್ನ ಇನ್ನೊಂದು ಸಲ ತೆರೆಯೋದೇ."

ಇವರಿಗೆ ಹೇಳಿದೆ. ಕಣ್ಣು ತೆರೆದು ನನ್ನನ್ನೇ ನೋಡಿದರು. ಬಿಸಿ ಕೈಯಿಂದ ನನ್ನ ಕೈ ಹಿಡಿದರು.

"ಲಿಫ್ಟು ಎರಡು ಫ್ಲೋರಿನ ಮಧ್ಯೆ ನಿಂತಿದೆ, ಅಷ್ಟೇ. ತಂತಿ ಏನೂ ಹರಿದಿಲ್ಲ. ಒಳಗಿರೋರು ಕಿರುಚಿದ್ರೇ ತಾಪತ್ರಯ."

ಮಧ್ಯಾಹ್ನ

ಪಿಸುಮಣಿ ಓಡಿಬಂದಳು. ಕಣ್ಣು ಕೆಂಪು. ರಕ್ತ ತೆಗೆಯುವಾಗ ಮಾತ್ರ ಕೈ ಸ್ಥಿರ.

"ನಂದೇ ತಪ್ಪು ಟೀಚರ್. ನೀವು ಹಾಗಂದಾಗ ಅನುಮಾನ ಬಂತು. ಮೂರು ಸಲ ಅಂತ ಬಿಡಿಸಿ ಹೇಳಬೇಕಿತ್ತು."

"ಏಕೆ ಹೇಳಲಿಲ್ಲ?"

"ನಿಮಗೆ ಹೇಗೆ ಹೇಳೋದು?"

ಹಾಸಿಗೆಯಿಂದ ಇವರ ದನಿ: "ನನ್ನನ್ನ ಕೇಳು. ನಾನು ಮದುವೆಯಾದಾಗಿನಿಂದ ಅಭ್ಯಾಸ ಮಾಡ್ತಿದೀನಿ. ಇನ್ನೂ ಬಂದಿಲ್ಲ."

ಮೂವರೂ ನಕ್ಕೆವು. ಅವಳು ನಗುತ್ತಲೇ ಅತ್ತಳು. ನಾನು ಅವಳಿಗೊಂದು ಆಜ್ಞೆ ಕೊಟ್ಟೆ, ಟೀಚರಾಗಿ ಕೊನೆಯ ಆಜ್ಞೆ: ಇನ್ನು ಮುಂದೆ ಮದ್ದಿನ ವಿಷಯದಲ್ಲಿ ನಾನು ತಪ್ಪಿದರೆ, ನನ್ನ ಮುಖ ನೋಡದೆ, ಜೋರಾಗಿ ಹೇಳಬೇಕು. "ಹೂಂ ಟೀಚರ್" ಎಂದು ಪಿಸುಗುಟ್ಟಿದಳು.

ಮಾರ್ಚ್ ೧೦

ನಾಲ್ಕರದು, ಹನ್ನೆರಡರದು, ಎಂಟರದು, ಎಲ್ಲವೂ ಹೊತ್ತಿಗೆ ಸರಿಯಾಗಿ ಹೋದವು. ಜ್ವರ ಇದೆ. ಬರೆಯಲು ಮನಸ್ಸಿಲ್ಲ.

ಮಾರ್ಚ್ ೧೧, ಬುಧವಾರ, ಬೆಳಿಗ್ಗೆ

ಇಲ್ಲ! ಜ್ವರ ಇಲ್ಲ!

ಎರಡು ಸಲ ನೋಡಿದೆ. ಥರ್ಮಾಮೀಟರ್ ಕೆಟ್ಟಿರಬಹುದೆಂದು ನನ್ನ ಬಾಯಿಗೂ ಇಟ್ಟುಕೊಂಡು ನೋಡಿದೆ, ತೊಳೆದೇ. ಇಬ್ಬರದೂ ಒಂದೇ. ಮೊಣಕಾಲು ತಣ್ಣಗಿದೆ. ಇವರು ಎದ್ದು ಕುಳಿತು ಮೊದಲು ಕೇಳಿದ್ದು ತಿಂಡಿ. ಎರಡನೆಯದು ಕಾಫಿ. ಮೂರನೆಯದು: "ಎಂಟು ಗಂಟೆಗೆ ಒಂದೇ ತಿಂಡಿನಾ, ಎಂಟು ಗಂಟೆಗೊಂದು ತಿಂಡಿನಾ? ಬಿಡಿಸಿ ಹೇಳು."

ಇಂಥ ಮನುಷ್ಯನನ್ನು ಏನು ಮಾಡಬೇಕು? ನಗುತ್ತ ನಗುತ್ತ ಹಾಲು ಉಕ್ಕಿಸಿದೆ. ಒಲೆಯೆಲ್ಲ ಹಾಲು. ಒರೆಸುವಾಗಲೂ ನಗು.

ಮಾರ್ಚ್ ೧೪

ರಕ್ತದ ವರದಿ: ಸೋಂಕಿನ ಗುರುತು ಅರ್ಧಕ್ಕಿಂತ ಕೆಳಗಿಳಿದಿದೆ. ಮೂತ್ರಪಿಂಡ ಸರಿಯಿದೆ, ಅಳತೆ ಬದಲಿಸಬೇಕಾಗಿಲ್ಲ. ಡಾಕ್ಟರೇ ಫೋನ್ ಮಾಡಿ ತಿಳಿಸಿದರು. ಇನ್ನೊಂದು ಮಾತನ್ನೂ ಕೇಳಿದರು: ಆ "ಗಂಟೆಗೆ" ಎಲ್ಲ ಮನೆಗಳಲ್ಲೂ ಅಪಾಯವೇ ಅಲ್ಲವೇ? ನರ್ಸ್‌ಗಳು ಫೋನಿನಲ್ಲಿ ಹಾಗೆಯೇ ಹೇಳುವುದು. ಏನು ಮಾಡಬಹುದು ಮೇಡಂ?

ನಿನ್ನೆಯೇ ಯೋಚಿಸಿಟ್ಟಿದ್ದೆ. ದ್ವಿರುಕ್ತಿ.

"ಎಂಟು" ಎಂದರೆ ಒಂದು ಗಳಿಗೆ. "ಎಂಟೆಂಟು" ಎಂದರೆ ಅದು ಮರುಕಳಿಸುತ್ತದೆ — ಯಾರ ಕಿವಿಯೂ ತಪ್ಪು ಕೇಳಲಾರದು. ಎಂಟೆಂಟು ಗಂಟೆಗೊಮ್ಮೆ. ಹೇಳಿದ ಮೇಲೆ "ಅಂದರೆ ದಿನಕ್ಕೆ ಮೂರು ಸಲ" ಎಂದು ಸೇರಿಸಬೇಕು. ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು, ಗಿಳಿಯಂತೆ ಅದೇ ಮಾತನ್ನಲ್ಲ. ಯಾವ ಯಾವ ಹೊತ್ತಿಗೆ ಎಂದು. ಅದೇ ಮಾತನ್ನು ಒಪ್ಪಿಸುವುದು ಕಂಠಪಾಠ; ತಮ್ಮ ಮಾತಿನಲ್ಲಿ ಹೇಳುವುದು ತಿಳಿವಳಿಕೆ. ಇಡೀ ವೃತ್ತಿಜೀವನದಲ್ಲಿ ಮಕ್ಕಳಿಗೆ ಹೇಳುತ್ತ ಬಂದದ್ದನ್ನು ನಾನೇ ಆ ಶನಿವಾರ ಮರೆತೆ.

ಡಾಕ್ಟರು "ಎಂಟೆಂಟು, ಎಂಟೆಂಟು" ಎಂದು ಎರಡು ಸಲ ಹೇಳಿಕೊಂಡರು. "ಚೆನ್ನಾಗಿದೆ ಮೇಡಂ. ತೊಟ್ಟಿಲು ತೂಗಿದ ಹಾಗಿದೆ."

ಮಾರ್ಚ್ ೧೭

ಔಷಧಿ ವಿಭಾಗದ ಒಣದನಿಯವರ ಫೋನ್. ಆಸ್ಪತ್ರೆಯಲ್ಲಿ ಈಗ ಎಲ್ಲರ ಬಾಯಲ್ಲೂ ಎಂಟೆಂಟು, ಆರಾರು, ನಾಲ್ಕು ನಾಲ್ಕು. ಅಲ್ಲಿಯವರೆಗೆ ಸರಿ.

"ಹನ್ನೆರಡು ಗಂಟೆಗೊಮ್ಮೆ ಅನ್ನೋದಕ್ಕೆ ಏನಮ್ಮಾ? ಹನ್ನೆರಡು ಹನ್ನೆರಡು ಅಂದ್ರೆ ನಮ್ಮ ಹುಡುಗಿ ಇಪ್ಪತ್ನಾಲ್ಕು ಬಾಟಲಿ ತೆಗೆದಿಟ್ಟಿದಾಳೆ."

ಬಹಳ ಹೊತ್ತು ಯೋಚಿಸಿದೆ. ವ್ಯಾಕರಣಕ್ಕೂ ಒಂದು ಎಲ್ಲೆಯಿದೆ. "ಬೆಳಿಗ್ಗೆ ಒಂದು, ಸಂಜೆ ಒಂದು ಎನ್ನಿ" ಎಂದೆ.

"ಅಷ್ಟೇನಾ?" ನಿರಾಶೆಯಾದಂತಿತ್ತು.

ಮಾರ್ಚ್ ೧೯

ಇಂದು ನನ್ನ ಜೀವನದ ಅಪರೂಪದ ದಿನ. ಬರೆದಿಡಲೇಬೇಕು.

ಪಿಸುಮಣಿ ಪಟ್ಟಿ ಬದಲಿಸಲು ಬಂದಿದ್ದಳು. ಸಂಜೆ ನಾಲ್ಕರ ಮದ್ದಿನ ಹೊತ್ತೂ ಆಯಿತು. "ನೀವೇ ಕೊಡಿ ಟೀಚರ್, ನಾನು ನೋಡ್ತೀನಿ" ಎಂದಳು. ಪರೀಕ್ಷಕರ ಹಾಗೆ ಕೈಕಟ್ಟಿ ನಿಂತಳು. ಕೈ ತೊಳೆದೆ. ಕೊಳವೆಯ ಮೂತಿಯನ್ನು ಸ್ಪಿರಿಟ್ ಬಟ್ಟೆಯಿಂದ ಚೆನ್ನಾಗಿ ಉಜ್ಜಿದೆ. ಒಣಗಲೆಂದು ಬಗ್ಗಿ, ಬಾಯಿಂದ ಊದಿ—

"ತಪ್ಪು, ಟೀಚರ್!"

ಮನೆ ನಡುಗಿತು. ಮಲಗಿದ್ದ ಇವರು ಎದ್ದು ಕುಳಿತರು. ಎದುರಿನ ಮನೆಯ ಬಾಗಿಲು ತೆರೆದ ಸದ್ದೂ ಕೇಳಿಸಿತು.

"ಊದಬಾರದು! ಬಾಯಿಯೊಳಗಿರೋ ಕೀಟಾಣು ಎಲ್ಲ ಅಲ್ಲಿಗೇ ಹೋಗುತ್ತೆ. ಮತ್ತೆ ಉಜ್ಜಿ. ತಾನಾಗೇ ಒಣಗೋವರೆಗೂ ಕಾಯಿರಿ."

ಸೀಮೆಸುಣ್ಣದ ಪುಡಿ ಊದಿ ಊದಿ ಬಂದ ಚಾಳಿ ಇದು. ಡಸ್ಟರ್ ಹಿಡಿದ ಕೈಗೆ ಊದುವ ಬಾಯಿ ಜೊತೆಗೇ ಬರುತ್ತದೆ. ಇಷ್ಟು ದಿನವೂ ಊದಿದ್ದೆನೋ ಏನೋ, ನನಗೇ ಗೊತ್ತಿಲ್ಲ. ಮತ್ತೆ ಉಜ್ಜಿದೆ. ಕಾದೆ. ಕೊಟ್ಟೆ. ಮುಂಚೆ ಒಂದಿಷ್ಟು ಸಲೈನ್, ನಡುವೆ ಮದ್ದು, ಕೊನೆಗೆ ಮತ್ತೆ ಸಲೈನ್. ಮುಗಿದ ಮೇಲೆ ತಿರುಗಿ ನೋಡಿದರೆ ಪಿಸುಮಣಿ ಬಾಯಿಗೆ ಕೈಯಡ್ಡ ಹಿಡಿದು ನಿಂತಿದ್ದಳು, ತನ್ನ ದನಿಗೆ ತಾನೇ ಬೆಚ್ಚಿ.

"ಇನ್ನೊಂದು ಸಲ ಹೇಳು" ಎಂದೆ.

"ಏನು ಟೀಚರ್?"

"ತಪ್ಪು, 'ಪ'ಕಾರಕ್ಕೆ ಒತ್ತು. ಎಷ್ಟು ಸ್ಪಷ್ಟವಾಗಿ ಬಂತು! ಒಂಬತ್ತನೆಯ ತರಗತಿಯಲ್ಲಿ ಹೀಗೆ ಹೇಳಿದ್ದರೆ ಪ್ರಥಮ ಬಹುಮಾನ ನಿನಗೇ."

ಇವರು ಹಾಸಿಗೆಯಲ್ಲಿ ಚಪ್ಪಾಳೆ ಹೊಡೆದರು. ಒಬ್ಬರೇ. ಬಹಳ ಹೊತ್ತು. "ನಾನೂ ಒಂದು ಸಲ ಹೇಳಲಾ?" ಎಂದು ಕೇಳಿದರು.

"ಬೇಡ" ಎಂದೆ. ಎಲ್ಲ ಸ್ವಾತಂತ್ರ್ಯವನ್ನೂ ಒಂದೇ ದಿನ ಕೊಡಬಾರದು.

ಮಾರ್ಚ್ ೨೮

ಕೊನೆಯ ಬಾಟಲಿ ಇಂದು ಬೆಳಿಗ್ಗೆ ಮುಗಿಯಿತು. ಪಿಸುಮಣಿಯೇ ಬಂದು ಲೈನ್ ತೆಗೆದಳು. ಇಷ್ಟುದ್ದದ ಕೊಳವೆ! ಇವರು ನೋಡಿ, "ಇದೆಲ್ಲ ನನ್ನೊಳಗಿತ್ತಾ? ಬಾಡಿಗೆ ಕೊಟ್ಟನಾ ಇವನು?" ಎಂದರು. ತೆಗೆದ ಜಾಗವನ್ನು ಅವಳು ಒತ್ತಿ ಹಿಡಿದುಕೊಂಡು ಕುಳಿತಿದ್ದಳು. ಇವರು ಅವಳಿಗೆ ಲಿಫ್ಟಿನ ಕತೆ ಹೇಳಿದರು. ಮದುಮಗನೊಬ್ಬ ಮದುವೆಯ ದಿನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡದ್ದು, ಇವರು ಬಿಡಿಸಲು ಹೋದಾಗ "ಸ್ವಲ್ಪ ನಿಧಾನ ಮಾಡಿ" ಎಂದು ಅವನು ಕೇಳಿಕೊಂಡದ್ದು. ನೂರು ಸಲ ಕೇಳಿದ ಕತೆ. ಇಂದು ನನಗೂ ನಗು ಬಂತು.

ವ್ಯಾಯಾಮ ಮಾಡಿಸುವವರು ವಾರಕ್ಕೆರಡು ದಿನ ಬರುತ್ತಾರೆ. ಮೊಣಕಾಲು ದಿನದಿನಕ್ಕೂ ಸ್ವಲ್ಪ ಸ್ವಲ್ಪ ಬಾಗುತ್ತಿದೆ. ಪೂರ್ತಿ ಬಾಗುತ್ತದೋ ಇಲ್ಲವೋ, ಮುಂದಿನ ವಾರ ಡಾಕ್ಟರೇ ನೋಡಿ ಹೇಳಬೇಕು. ಅದೊಂದು ಉಳಿದಿದೆ.

ಪಿಸುಮಣಿ ಹೊರಡುವಾಗ ಬಾಗಿಲಲ್ಲಿ ನಿಂತು, "ಬರ್ತೀನಿ ಟೀಚರ್" ಎಂದಳು. ಮೆಟ್ಟಿಲಿಳಿಯುವವರೂ ತಿರುಗಿ ನೋಡುವಷ್ಟು ಜೋರಾಗಿ.

ಏಪ್ರಿಲ್ ೪, ಸಂಜೆ ೬

ಡಾಕ್ಟರ ಬಳಿ ಹೋಗಿ ಬಂದೆವು. ಮೊಣಕಾಲನ್ನು ಒತ್ತಿದರು, ತಿರುಗಿಸಿದರು, ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಸೋಂಕು ಹೋಗಿದೆ. ಕೀಲು ಉಳಿದಿದೆ. ಮಡಚುವುದರ ಬಗ್ಗೆ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ: "ಇನ್ನೊಂದೆರಡು ವಾರ ನೋಡೋಣ. ಮಾಡ್ತಾ ಇರಿ, ಆದ್ರೆ ಅವಸರ ಬೇಡ. ಹತ್ತೋದು ಇಳಿಯೋದು ಸದ್ಯಕ್ಕೆ ಯಾರದಾದ್ರೂ ಕೈ ಹಿಡ್ಕೊಂಡೇ." ಇವರು ಬಹಳ ವಿನಯದಿಂದ "ಆಗಲಿ ಡಾಕ್ಟ್ರೇ" ಎಂದರು. ಆ ವಿನಯ ನೋಡಿಯೇ ನನಗೆ ಅನುಮಾನ ಬರಬೇಕಿತ್ತು.

ದಾರಿಯಲ್ಲಿ ಇಬ್ಬರ ಮನಸ್ಸಿನಲ್ಲೂ ಒಂದೇ ಪ್ರಶ್ನೆ ಇತ್ತೆಂದು ಕಾಣುತ್ತದೆ.

ಈಗ ಊಟದ ಮನೆಯ ಮೇಜಿನ ಬಳಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಡುಮನೆಯಲ್ಲಿ ಬಲ್ಬ್ ಕೆಟ್ಟಿದೆ. ನಾಳೆ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು. ಇವರಿಗೆ ಹೇಳಿದೆ. "ಎಲೆಕ್ಟ್ರಿಷಿಯನ್? ನಮ್ಮ ಮನೆಗೆ?" ಎಂದಷ್ಟೇ ಕೇಳಿದರು.

ನೆಲದ ಮೇಲೆ ಏನೋ ಎಳೆದ ಸದ್ದು. ಸ್ಟೂಲಿನ ಸದ್ದಿನಂತಿದೆ. ತೆರೆದ ಬಾಗಿಲಲ್ಲಿ ನೆರಳು ಮಾತ್ರ ಕಾಣುತ್ತಿದೆ. "ರೀ, ಏನದು?" ಎಂದೆ. ಸೀಟಿ ಕೇಳಿಸುತ್ತಿದೆ. ಸ್ವಲ್ಪ ಬಗ್ಗಿ ನೋಡಿದರೆ — ಅಯ್ಯೋ, ಹತ್ತುತ್ತಿದ್ದಾರೆ! ಯಾರ ಕೈಯನ್ನೂ ಹಿಡಿಯದೆ, ಬಲಗಾಲನ್ನೇ ಮೊದಲು ಮೇಲಿಟ್ಟು, ಮೊಣಕಾಲು ಪೂರ್ತಿ ಮಡಚಿ! ಕೈ ಹಿಡಿಯಲು ಓಡಬೇಕು, ಉಳಿದದ್ದು ಆಮೇಲೆ—